ಅಳು ಮುಗಿಸಿ ಪಾಳಿ ಚೀಟಿ ಬರೆಯುವ ಕುರಿತು

ನೀರಿನ ಪಾಳಿ ಚೀಟಿ ಕಚೇರಿ, ಮೂಡಲಗಿ
ಸುತ್ತೋಲೆ ಸಂಖ್ಯೆ: ಪಾ.ಚೀ./ಶೋಕ/೧/೧೯೩೮
ದಿನಾಂಕ: ೭ ನವೆಂಬರ್ ೧೯೩೮ರಂದು ಬರೆಯಲು ಆರಂಭಿಸಿ, ೧೯ರಂದು ಮುಗಿಸಿದ್ದು

ವಿಷಯ: ಕಚೇರಿಯ ಕೆಲಸ ಚುರುಕುಗೊಳಿಸಲು ಅಳತೆಗೆ ಸಿಗುವ ಗುರಿಗಳನ್ನು ಗೊತ್ತುಪಡಿಸುವ ಬಗ್ಗೆ.

ಉಲ್ಲೇಖ: (೧) ಮೇಲಧಿಕಾರಿಗಳ ತಾರು (ಟೆಲಿಗ್ರಾಂ), ದಿನಾಂಕ ೬-೧೧-೧೯೩೮. (೨) ಕಸ ಗುಡಿಸುವಾಗ ಪಾರವ್ವ ನೀಡಿದ ಮೌಖಿಕ ಹೇಳಿಕೆ.

ಪೀಠಿಕೆ

ಈ ಕಚೇರಿಯ ಹೆಡ್ ಕಾರಕೂನರಾಗಿದ್ದ ದುಂಡಪ್ಪನವರು ಮೂರು ದಿನದ ಜ್ವರದಲ್ಲಿ ತೀರಿಕೊಂಡಿದ್ದು, ಶನಿವಾರ ಅವರಿಗೆ ಮಣ್ಣು ಕೊಡಲಾಯಿತು. ಭಾನುವಾರ ರಜೆ. ಸೋಮವಾರ, ಅಂದರೆ ಮಣ್ಣಾದ ನಂತರದ ಮೊದಲ ಸಾಮಾನ್ಯ ಬೆಳಿಗ್ಗೆ, ಹತ್ತಕ್ಕೆ ಐದು ನಿಮಿಷ ಇರುವಾಗ ಕಚೇರಿಯ ಬಾಗಿಲು ತೆರೆಯಲಾಯಿತು. ಬಿಸಿಲು ಎಂದಿನ ಜಾಗದಲ್ಲಿ ಬಿದ್ದಿತ್ತು. ಹಾಲಿನವಳು ಎಂದಿನಂತೆ ಒಂದು ಸೇರು ಹಾಕಿ ಹೋಗಿದ್ದಳು. ಅರ್ಧ ಸೇರು ಸಾಕೆಂದು ಆಕೆಗೆ ಇನ್ನೂ ತಿಳಿಸಿಲ್ಲ.

ಊರಿನಲ್ಲಿ ಇಂಗ್ಲಿಷ್ ಬರೆಯಬಲ್ಲವರು ಇಬ್ಬರು. ಒಬ್ಬರಿಗೆ ಮಣ್ಣು ಕೊಟ್ಟದ್ದು ಮೇಲೆ ಹೇಳಿದೆ. ಇನ್ನೊಬ್ಬರು ಅವರ ಹೆಂಡತಿ, ಬಿ.ಎ. ಪಾಸಾದವರು. ಮನೆತನದಲ್ಲಿ ಸೂತಕ ಹಿಡಿಯುವ ಪದ್ಧತಿ ಇಲ್ಲದಿರುವುದರಿಂದಲೂ, ಬೇರೆ ಯಾರೂ ಸಿಗದಿರುವುದರಿಂದಲೂ ಅವರನ್ನು ತಾತ್ಕಾಲಿಕ ಕಾರಕೂನರೆಂದು ತಾರಿನ ಮೂಲಕ ನೇಮಿಸಲಾಗಿದೆ.

ಕಾಲುವೆಯ ನೀರು ಯಾರ ಹೊಲಕ್ಕೆ, ಯಾವ ದಿನ, ಎಷ್ಟು ತಾಸು ಎಂದು ಬರೆದುಕೊಡುವುದೇ ಪಾಳಿ ಚೀಟಿ. ನವೆಂಬರ್ ೩೦ಕ್ಕೆ ಕಾಲುವೆ ಬಿಡುತ್ತಾರೆ. ೨೯ರ ಸಂಜೆಯೊಳಗೆ ಆರುನೂರು ಚೀಟಿ ಹೊರಬಿದ್ದರೆ ಸದರಿ ಹುದ್ದೆ ಖಾಯಂ. ಒಂದು ಕಡಿಮೆಯಾದರೂ ಹುದ್ದೆ ಪುಣೆಯವರೊಬ್ಬರಿಗೆ ಹೋಗುವುದು. ತಾತ್ಕಾಲಿಕ ಕಾರಕೂನರು ಹುಕ್ಕೇರಿಯ ಅಣ್ಣನ ಮನೆಗೆ ಹೋಗುವರು. ಅಣ್ಣನ ಮನೆ ಒಳ್ಳೆಯದು. ಮೂಲೆಯ ಕೋಣೆ ಖಾಲಿ ಮಾಡಿಸಿದ್ದೇವೆ ಎಂದು ಪತ್ರವೂ ಬಂದಿದೆ. ಆ ಕೋಣೆಗೆ ಕಿಟಕಿ ಇಲ್ಲ.

ಕೆಲಸದ ದಿನಗಳು ಇಪ್ಪತ್ತು. ದಿನಕ್ಕೆ ಮೂವತ್ತು ಚೀಟಿಯಾದರೆ ಲೆಕ್ಕ ಸರಿಹೋಗುತ್ತದೆ. ಮೊದಲ ದಿನ ಸಂಜೆ ನೋಡಲಾಗಿ, ಹೊರಬಿದ್ದ ಚೀಟಿ ಸೊನ್ನೆ. ಅತ್ತವರು ನಲವತ್ತಾರು. ಆದಕಾರಣ ಕೆಳಕಂಡ ಕಲಮುಗಳನ್ನು ಸಿಬ್ಬಂದಿಯೂ ಸಾರ್ವಜನಿಕರೂ ತಪ್ಪದೆ ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಕಲಮು ೧. ಸಿಬ್ಬಂದಿಯ ವಿವರ

ಸದ್ಯ ಕಚೇರಿಯಲ್ಲಿ ಮೂವರಿದ್ದಾರೆ. ಹಳ್ಳಿವಾರು ಯಾದಿ ತೆಗೆಯುವ ಲಗಮಪ್ಪ, ಚೀಟಿಗೆ ಶಿಕ್ಕೆ ಒತ್ತುವ ಪಟ್ಟೆವಾಲ ಯಲ್ಲಾರಿ, ನೀರು ತುಂಬಿ ಕಸ ಗುಡಿಸುವ ಪಾರವ್ವ. ಮೂವರೂ ಹನ್ನೆರಡು ವರ್ಷಕ್ಕೆ ಮೇಲ್ಪಟ್ಟು ದುಂಡಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮೂವರ ದುಃಖವೂ ನಿಜವೆಂದು ಕಚೇರಿ ಒಪ್ಪುತ್ತದೆ. ಅದರ ವೇಳಾಪಟ್ಟಿಯನ್ನು ಒಪ್ಪುವುದಿಲ್ಲ.

ಕಲಮು ೨. ಮಾತಾಡಿಸುವ ಕಾರ್ಯವಿಧಾನ

ಸಾವಾದ ಮನೆಯವರನ್ನು ಮೊದಲ ಸಲ ಕಂಡಾಗ ಮಾತಾಡಿಸುವುದು ಈ ಭಾಗದ ವಾಡಿಕೆ. ಅದನ್ನು ಹಂತಗಳಾಗಿ ವಿಂಗಡಿಸಲಾಗಿದೆ:

(ಅ) ಬಂದವರು ಬಾಗಿಲಲ್ಲೇ ದನಿ ತೆಗೆಯುವುದು.
(ಆ) ಕೂತು, ಮನೆಯವರನ್ನು ತಬ್ಬಿ, ತೀರಿಕೊಂಡವರ ಗುಣಗಳನ್ನು ಹಾಡಾಡಿ ಅಳುವುದು. ಗಂಡಸರಾದರೆ ಟವೆಲ್ ಬಾಯಿಗೆ ಹಿಡಿಯುವುದು.
(ಇ) ಮನೆಯವರು ಅಳುವುದು.
(ಈ) ಬಂದವರು "ಹೋಗ್ಲಿ ಬಿಡ್ರಿ" ಎಂದು ಸಮಾಧಾನ ಹೇಳುವುದು.
(ಉ) ನೀರು ಕುಡಿದು ಏಳುವುದು.

ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗುವಂತಿಲ್ಲ. ಚೀಟಿ ಕೇಳಲು ಬರುವ ಪ್ರತಿಯೊಬ್ಬ ರೈತನೂ ಮೊದಲು ಮಾತಾಡಿಸತಕ್ಕದ್ದು, ಚೀಟಿಯ ಮಾತು ಆಮೇಲೆ. ಹಂತ (ಇ) ಈ ಕಚೇರಿಯಲ್ಲಿ ಬಾಕಿ ಇದೆ. ಇದರ ಬಗ್ಗೆ ಕಲಮು ೯ ನೋಡುವುದು. ಅಲ್ಲಿಯವರೆಗೆ ಬಂದವರು ಏಳುವಂತಿಲ್ಲದ ಕಾರಣ ಸೋಮವಾರ ಬಂದವರು ಮಂಗಳವಾರವೂ ಇದ್ದರು.

ದಡ್ಡಿಯಿಂದ ಒಂದು ಗಾಡಿ ತುಂಬ ಹನ್ನೊಂದು ಜನ ಬಂದಿದ್ದರು. ದಡ್ಡಿಗೆ ಈ ಕಾಲುವೆಯ ನೀರೇ ಇಲ್ಲ. ವಿಚಾರಿಸಲಾಗಿ, "ನೀರ ಯಾಕ ಬೇಕ್ರಿ, ಅಳಾಕ ಬಂದೇವಿ" ಎಂದು ತಿಳಿಸಿದರು. ಎತ್ತುಗಳಿಗೆ ಕಚೇರಿಯ ಹಿಂದಿನ ಹುಲ್ಲನ್ನು ಹಾಕಲಾಗಿದೆ.

ಕಲಮು ೩. ಅಳುವಿನ ಸಮಯ

ಕಚೇರಿಯಲ್ಲಿ ಅಳುವ ಸಮಯ ಬೆಳಿಗ್ಗೆ ೧೦–೧೫ರಿಂದ ೧೦–೩೦. ತಡವಾಗಿ ಬಂದವರು ಉಳಿದ ನಿಮಿಷಗಳಲ್ಲಿ ಮುಗಿಸತಕ್ಕದ್ದು. ಗುಂಪಾಗಿ ಅಳುವವರಿಗೆ ಆದ್ಯತೆ. ಒಬ್ಬೊಬ್ಬರಾಗಿ ಅಳಬಯಸುವವರು ಹಿಂದಿನ ದಿನ ಅರ್ಜಿ ಕೊಡತಕ್ಕದ್ದು.

ಕಲಮು ೪. ಗುಣಗಾನದಲ್ಲಿ ಹೋಲಿಕೆಗಳು

ಹಾಡಾಡಿ ಅಳುವಾಗ ಒಬ್ಬರು ನಾಲ್ಕು ಗುಣಗಳನ್ನು ಮೀರುವಂತಿಲ್ಲ. ಹೋಲಿಕೆಗಳನ್ನು ಹಾಡುವ ಮೊದಲು ದಾಖಲೆಯೊಂದಿಗೆ ತಾಳೆ ನೋಡತಕ್ಕದ್ದು. ಪಾರವ್ವ ಮೊದಲ ದಿನ "ಆನಿಯಂಥಾವ ಹ್ವಾದ್ಯೋ ನನ್ನಪ್ಪಾ, ಕುದುರಿ ಏರಿ ಬರ್ತಿದ್ಯೋ ನನ್ನಪ್ಪಾ" ಎಂದು ಹಾಡಿದಳು. ಪರಿಶೀಲಿಸಲಾಗಿ, ದುಂಡಪ್ಪನವರು ನೂರಾ ಎಂಟು ಪೌಂಡು ಇದ್ದರು. ಏರಿ ಬರುತ್ತಿದ್ದದ್ದು ಸೈಕಲ್. ಅದನ್ನೂ ದಿಬ್ಬದಲ್ಲಿ ಇಳಿದು ತಳ್ಳುತ್ತಿದ್ದರು. ಈ ತಿದ್ದುಪಡಿಯನ್ನು ತಿಳಿಸಿದಾಗ ಪಾರವ್ವ ಸೈಕಲ್ ತಳ್ಳುತ್ತಿದ್ದದ್ದನ್ನೇ ಹಾಡಿಗೆ ಸೇರಿಸಿ ಇನ್ನೂ ಇಪ್ಪತ್ತು ನಿಮಿಷ ಅತ್ತಳು. ಇನ್ನು ಮುಂದೆ ಹೋಲಿಕೆಗಳನ್ನು ತಿದ್ದುವುದಿಲ್ಲ.

ಕಲಮು ೫. ನಿಟ್ಟುಸಿರು

ಲಗಮಪ್ಪನ ಒಂದು ನಿಟ್ಟುಸಿರಿಗೆ ಹದಿನಾಲ್ಕು ಸೆಕೆಂಡು ಹಿಡಿಯುತ್ತದೆ. ಅದರ ಕೊನೆಗೆ ಲೇಖನಿ ಕೆಳಗಿಡುತ್ತಾನೆ. ಮತ್ತೆ ಎತ್ತಿಕೊಳ್ಳಲು ನಾಲ್ಕು ನಿಮಿಷ. ದಿನವೊಂದಕ್ಕೆ ಎಪ್ಪತ್ತು ನಿಟ್ಟುಸಿರು ಎಣಿಸಲಾಗಿದೆ. ಗುರಿ: ಮೊದಲ ವಾರ ನಲವತ್ತು, ಎರಡನೆಯ ವಾರ ಇಪ್ಪತ್ತು, ಆಮೇಲೆ ಊಟದ ನಂತರ ಒಂದು. ಬಳಸದೆ ಉಳಿದ ನಿಟ್ಟುಸಿರನ್ನು ಮರುದಿನಕ್ಕೆ ಸಾಗಿಸುವಂತಿಲ್ಲ. ಯಲ್ಲಾರಿಗೆ ಎರವಲು ಕೊಡುವಂತಿಲ್ಲ.

ಕಲಮು ೬. ಶಿಕ್ಕೆ

ಯಲ್ಲಾರಿ ಶಿಕ್ಕೆಯ ಗಾದಿಯ ಮೇಲೆ ಬಾಗಿ ಅಳುವುದರಿಂದ ಮಸಿ ತೆಳುವಾಗಿದೆ. ಬುಧವಾರ ಒತ್ತಿದ ಒಂಬತ್ತು ಶಿಕ್ಕೆಗಳಲ್ಲಿ ಇಲಾಖೆಯ ಹೆಸರು ಕಾಣುತ್ತಿಲ್ಲ, ಬರೀ ಒಂದು ನೀಲಿ ಚುಕ್ಕೆ ಇದೆ. ಇಲಾಖೆಯ ಹೆಸರು ಹೊರಗೆ ಗೊತ್ತಾಗದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ ಆದರೂ, ಕಣ್ಣಿಗೂ ಗಾದಿಗೂ ನಡುವೆ ಹದಿನೆಂಟು ಇಂಚು ಅಂತರ ಇರತಕ್ಕದ್ದು. ಅಳೆಯಲು ಫೂಟ್ ಪಟ್ಟಿ ಕೊಡಲಾಗಿದೆ. ಯಲ್ಲಾರಿಯ ಉತ್ತರ: "ಅಷ್ಟ ದೂರ ಹಿಡದ್ರ ನನಗ ಶಿಕ್ಕೇನ ಕಾಣೂದಿಲ್ರಿ ಅಕ್ಕಾರ." ಉತ್ತರವನ್ನು ಕಡತದಲ್ಲಿ ಇಡಲಾಗಿದೆ.

ಕಲಮು ೭. ರೊಟ್ಟಿ

ಸಾವಾದ ಮನೆಗೆ ಬರುವವರು ಬುತ್ತಿ ತರುತ್ತಾರೆ. ಮನೆಗೆ ಬೀಗ ಹಾಕಿದ್ದರಿಂದ ಬುತ್ತಿ ಕಚೇರಿಗೆ ಬರುತ್ತಿದೆ. ಗುರುವಾರದ ಹೊತ್ತಿಗೆ ಖಡಕ್ ರೊಟ್ಟಿ ಇನ್ನೂರಾ ಹನ್ನೆರಡು, ಶೇಂಗಾ ಚಟ್ನಿ ಹದಿನೇಳು ಗಂಟು. ಇಡಲು ಜಾಗ ಸಾಲದೆ ಲಗಮಪ್ಪ ಅವನ್ನು ಹಳ್ಳಿವಾರು ನಕ್ಷೆಗಳ ಕಪಾಟಿನಲ್ಲಿ, ಬಂದ ಹಳ್ಳಿಯ ಹೆಸರಿನ ಕೆಳಗೆ ಜೋಡಿಸಿದ್ದಾನೆ. ಜೋಡಣೆ ಅಚ್ಚುಕಟ್ಟಾಗಿದೆ. ಆದರೆ ಈಗ ಕೌಜಲಗಿ ಕೊಡು ಎಂದರೆ ರೊಟ್ಟಿ ಬರುತ್ತದೆ.

ಗುರಿ: ಸಿಬ್ಬಂದಿ ತಲಾ ಆರು ರೊಟ್ಟಿ ಪ್ರತಿದಿನ ತಿನ್ನತಕ್ಕದ್ದು. ನಕ್ಷೆ ಕಾಣುವವರೆಗೆ ತಿನ್ನತಕ್ಕದ್ದು. ಕೌಜಲಗಿಯಿಂದ ಆರಂಭಿಸತಕ್ಕದ್ದು, ಅದರ ಚೀಟಿಗಳೇ ಹೆಚ್ಚು.

ಕಲಮು ೮. "ಏನ ಮಾಡೂದ್ರಿ" ಎಂಬ ಪ್ರಶ್ನೆ

ಸದರಿ ಪ್ರಶ್ನೆಯನ್ನು ಈ ಕಚೇರಿಯಲ್ಲಿ ಮೊದಲ ನಾಲ್ಕು ದಿನಗಳಲ್ಲಿ ಮುನ್ನೂರಾ ಹನ್ನೊಂದು ಸಲ ಕೇಳಲಾಗಿದೆ. ಕಚೇರಿಯ ಉತ್ತರ: ಚೀಟಿ ಬರೆಯುವುದು. ಉತ್ತರವನ್ನು ಗೋಡೆಗೆ ಅಂಟಿಸಲಾಗಿದೆ. ಅದನ್ನು ಓದಿದವರೂ "ಖರೆ ನೋಡ್ರಿ, ಏನ ಮಾಡೂದ್ರಿ" ಎನ್ನುತ್ತಿದ್ದಾರೆ.

ಕಲಮು ೯. ತಡೆ ಎಲ್ಲಿದೆ ಎಂಬ ತನಿಖೆ

ಮೇಲಿನ ಎಲ್ಲ ಕಲಮುಗಳ ನಂತರವೂ ಐದನೆಯ ದಿನ ಹೊರಬಿದ್ದ ಚೀಟಿ ಎಂಟು. ಕೆಲಸ ಎಲ್ಲಿ ನಿಲ್ಲುತ್ತಿದೆ ಎಂದು ಪತ್ತೆಮಾಡಲು ಸಿಬ್ಬಂದಿಯನ್ನು ಒಟ್ಟಾಗಿ ವಿಚಾರಿಸಲಾಯಿತು. ಪಾರವ್ವ ಪೊರಕೆ ಕೆಳಗಿಟ್ಟು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ಕೊಡಲಾಗಿದೆ:

"ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ನಿಂತಿದ್ದು ನಮ್ಮ ಕಡಿ ಅಲ್ರಿ, ನಿಮ್ಮ ಕಡಿ. ನೀವು ಅತ್ತಿಲ್ಲ. ನೀವು ಅಳೂತನ ನಾವು ಹೆಂಗ ಹೋಗ್ಲಿ ಬಿಡ್ರಿ ಅನ್ನೂದು? ಹೋಗ್ಲಿ ಬಿಡ್ರಿ ಅನ್ನದ ಹೆಂಗ ಏಳೂದು? ಒಮ್ಮೆ ಅತ್ತ ಬಿಡ್ರಿ. ನೀವೂ ಹಗರ ಆಗತೀರಿ, ನಾವೂ ಕೆಲಸಕ್ಕ ಹತ್ತತೇವಿ."

ಲಗಮಪ್ಪ ಇದನ್ನು ಅನುಮೋದಿಸಿದ. "ಸಾಹೇಬ್ರ ಕೈಯಾಗ ಬೆಳದವರ್ರಿ ನಾವು. ನೀವು ಸುಮ್ನ ಚೀಟಿ ಬರಕೋತ ಕುಂತ್ರ ನಮಗ ಎದಿ ಒಡದಂಗಾಗತೈತಿ" ಎಂದು ಸೇರಿಸಿ, ಆ ದಿನದ ಪಾಲಿನದಲ್ಲದ ಒಂದು ನಿಟ್ಟುಸಿರು ಬಿಟ್ಟ.

ಹಂತ (ಇ)ಯನ್ನು ಬದಲಿ ವ್ಯಕ್ತಿಯಿಂದ ಮಾಡಿಸಬಹುದೇ ಎಂದು ಕೇಳಲಾಯಿತು. "ಅದೇನ ಪಾಳಿ ಚೀಟಿ ಏನ್ರಿ, ಒಬ್ಬರದು ಒಬ್ಬರಿಗೆ ಕೊಡಾಕ?" ಎಂದು ಪಾರವ್ವ ತಿರಸ್ಕರಿಸಿದಳು.

ತನಿಖೆಯ ತೀರ್ಮಾನ: ಕಚೇರಿಯ ಹಿನ್ನಡೆಗೆ ತಾತ್ಕಾಲಿಕ ಕಾರಕೂನರೇ ಹೊಣೆ.

ಕಲಮು ೧೦. ತಾತ್ಕಾಲಿಕ ಕಾರಕೂನರಿಗೆ ಗೊತ್ತುಪಡಿಸಿದ ಗುರಿ

ತಾತ್ಕಾಲಿಕ ಕಾರಕೂನರು ದಿನಾಂಕ ೧೨ರ ಶನಿವಾರ ಹನ್ನೊಂದು ಗಂಟೆಗೆ, ಸಿಬ್ಬಂದಿಯ ಸಮಕ್ಷಮ, ಹತ್ತು ನಿಮಿಷಕ್ಕೆ ಕಡಿಮೆ ಇಲ್ಲದಂತೆ ಅಳತಕ್ಕದ್ದು. ಗಡಿಯಾರ ನೋಡುವ ಹೊಣೆ ಲಗಮಪ್ಪನದು. ಕನಿಷ್ಠ ಒಂದು ಕರವಸ್ತ್ರ ಒದ್ದೆಯಾಗತಕ್ಕದ್ದು. ಒದ್ದೆಯನ್ನು ಯಲ್ಲಾರಿ ಮುಟ್ಟಿ ನೋಡಿ ಶಿಕ್ಕೆ ಒತ್ತುವನು.

ವರದಿ: ಹನ್ನೊಂದು ಗಂಟೆಗೆ ಎಲ್ಲರೂ ಹಾಜರಿದ್ದರು. ಇಪ್ಪತ್ತೈದು ನಿಮಿಷ ಕಾಯಲಾಯಿತು. ಫಲಿತಾಂಶ ಸೊನ್ನೆ. ಪಾರವ್ವ ಹಾಡಿ ನೆರವಾದಳು. ಫಲಿತಾಂಶ ಸೊನ್ನೆ. ಪಾರವ್ವ ಮನೆಗೆ ಹೋಗಿ ಉಳ್ಳಾಗಡ್ಡಿ ತಂದಳು. "ಖಾರ ಇದ್ದದ್ದ ಆರಿಸಿ ತಂದೇನಿ" ಎಂದು ಭರವಸೆ ನೀಡಿದಳು. ಮೂರು ಉಳ್ಳಾಗಡ್ಡಿ ಹೆಚ್ಚಲಾಯಿತು. ಲಗಮಪ್ಪ ಅತ್ತ. ಯಲ್ಲಾರಿ ಅತ್ತ. ಕಿಟಕಿಯ ಹೊರಗೆ ನಿಂತಿದ್ದ ಕೌಜಲಗಿಯ ಇಬ್ಬರು ರೈತರು ಅತ್ತರು. ಸಂಬಂಧಪಟ್ಟವರ ಕಣ್ಣು ಒಣಗಿತ್ತು. ಉಳ್ಳಾಗಡ್ಡಿಯನ್ನು ರೊಟ್ಟಿಯೊಂದಿಗೆ ವಿಲೇವಾರಿ ಮಾಡಲಾಯಿತು.

ಇದು ಅವಿಧೇಯತೆಯಲ್ಲ ಎಂದು ಕಚೇರಿ ಸ್ಪಷ್ಟಪಡಿಸುತ್ತದೆ. ಹುಡುಕಲಾಗಿದೆ. ಸಿಕ್ಕಿಲ್ಲ.

ಕಲಮು ೧೧. ಬಾಕಿ

ದಿನಾಂಕ ೧೭ರ ಸಂಜೆ, ಹತ್ತು ಕೆಲಸದ ದಿನಗಳು ಮುಗಿದಾಗ, ಹೊರಬಿದ್ದ ಚೀಟಿ ಒಟ್ಟು ಅರವತ್ತಮೂರು. ಮುನ್ನೂರು ಇರಬೇಕಿತ್ತು. ಹುಕ್ಕೇರಿಯಿಂದ ಎರಡನೆಯ ಪತ್ರ ಬಂದಿದೆ. ಗಾಡಿ ಯಾವಾಗ ಕಳಿಸಬೇಕೆಂದು ಅಣ್ಣ ಕೇಳಿದ್ದಾನೆ. ಉತ್ತರ ಬರೆಯಲು ಕುಳಿತು ದಿನಾಂಕ ಹಾಕಲಾಗಿದೆ. ಅಷ್ಟೇ ಆಗಿದೆ.

ಕಲಮು ೧೨. (ದಿನಾಂಕ ೧೮ರಂದು ಸೇರಿಸಿದ್ದು) ಅಳದೆ ಬಂದ ವ್ಯಕ್ತಿಯ ಬಗ್ಗೆ

ಶುಕ್ರವಾರ ಹನ್ನೊಂದೂವರೆಗೆ ಕೌಜಲಗಿಯ ಬಯಲಾಟದ ಮೇಳದ ಯಜಮಾನ ಸತ್ಯಪ್ಪ ಎಂಬವರು ಕಚೇರಿಗೆ ಬಂದರು. ಬಾಗಿಲಲ್ಲಿ ದನಿ ತೆಗೆಯಲಿಲ್ಲ. ಟವೆಲ್ ಬಾಯಿಗೆ ಹಿಡಿಯಲಿಲ್ಲ. ನೇರವಾಗಿ ಮೇಜಿನ ಬಳಿ ನಿಂತು ಹೇಳಿದ್ದು:

"ಮಾತಾಡ್ಸಾಕ ಆಮ್ಯಾಲ ಬರತೇನ್ರಿ ಅಕ್ಕಾರ. ಈಗ ನನ್ನ ಮೀಸಿ ಕೊಡ್ರಿ."

ಯಾವ ಮೀಸೆ ಎಂದು ವಿಚಾರಿಸಲಾಯಿತು.

"ಅಲ್ಲಿ ನೋಡ್ರಿ, ಗ್ವಾಡಿ ಮ್ಯಾಲ. ಸಾಹೇಬ್ರ ಫೋಟೋದಾಗ. ಅದು ನಮ್ಮ ರಾಜನ ಮೀಸಿ. ಫೋಟೋ ತಗಸ್ಕೊಂಡು ಸಂಜೀಕ ತಂದ ಕೊಡತೇನಂತ ಒಯ್ದಿದ್ರು. ಆರ ವರ್ಸಾತು. ಸೋಮವಾರ ಆಟ ಐತಿ. ಬೋಳ ಮುಖ ಇಟ್ಕೊಂಡು ನಮ್ಮ ರಾಜಾ ಯಾರನ್ನ ಹೆದರಸ್ಬೇಕ್ರಿ?"

ಆರು ವರ್ಷ ಹೇಗೆ ನಡೆಸಿದಿರಿ ಎಂದು ಕೇಳಲಾಯಿತು. "ಕಾಡಿಗಿ ಬರದ್ವಿರಿ. ಯುದ್ಧದಾಗ ಬೆವತ್ರ ಗದ್ದಕ್ಕ ಇಳೀತೈತಿ. ಜನಾ ನಗತಾರ." ಇಷ್ಟು ದಿನ ಏಕೆ ಕೇಳಲಿಲ್ಲ ಎಂಬುದಕ್ಕೆ, "ನನ್ನ ಕಡಿಂದ ಆಣಿ ತಗೊಂಡಿದ್ರು ಸಾಹೇಬ್ರು. ನಾ ಇರೂತನ ಆಕಿಗಿ ಗೊತ್ತಾಗಬಾರ್ದು ಸತ್ಯಪ್ಪಾ ಅಂದಿದ್ರು. ಈಗ ಕೇಳಿದ್ರ ಆಣಿ ಮುರದಂಗ ಆಗೂದಿಲ್ಲಲ್ರಿ?" ಆಗುವುದಿಲ್ಲ ಎಂದು ಕಚೇರಿ ತೀರ್ಪು ನೀಡಿತು.

ಈ ಬಗ್ಗೆ ಕಚೇರಿಯ ಟಿಪ್ಪಣಿ ಹೀಗಿದೆ. ಸದರಿ ಫೋಟೋ ೧೯೩೨ರಲ್ಲಿ ಗೋಕಾಕದಲ್ಲಿ ತೆಗೆದದ್ದು. ವರನದೆಂದು ಹುಕ್ಕೇರಿಗೆ ಕಳಿಸಿದ್ದರು. ಕನ್ಯೆಯ ಬಿ.ಎ. ಪರೀಕ್ಷೆ ಆಗಷ್ಟೇ ಮುಗಿದಿತ್ತು. ಬಂದ ಮೂರು ಫೋಟೋಗಳಲ್ಲಿ ಇದನ್ನೇ ಏಕೆ ಆರಿಸಿದೆ ಎಂದು ಅಣ್ಣ ಕೇಳಿದಾಗ ವಿಚಾರಪೂರ್ವಕ ನಿರ್ಧಾರವೆಂದು ಉತ್ತರಿಸಲಾಗಿತ್ತು. ಕಾರಣ ಮೀಸೆ. ಮದುವೆಯ ದಿನ ವರನಿಗೆ ಮೀಸೆ ಇರಲಿಲ್ಲ. ಓದಿದವರಿಗೆ ಹಿಡಿಸಲಿಕ್ಕಿಲ್ಲವೆಂದು ಬೋಳಿಸಿದೆ ಎಂದು ವಿವರಣೆ ನೀಡಿದರು. ವಿವರಣೆಯನ್ನು ಅಂಗೀಕರಿಸಲಾಯಿತು. ಮತ್ತೆ ಬೆಳೆಸಬೇಕೆಂದು ಎರಡು ಸಲ ಲಿಖಿತವಾಗಿ ಕೋರಲಾಗಿತ್ತು. ಪರಿಶೀಲನೆಯಲ್ಲಿದೆ ಎಂದು ಎರಡು ಸಲವೂ ಉತ್ತರ ಬಂದಿತ್ತು.

"ಬೆಳೀತಿದ್ದಿಲ್ರಿ ಅಕ್ಕಾರ" ಎಂದು ಸತ್ಯಪ್ಪ ತಿಳಿಸಿದರು. "ಎಂಟ ಕೂದ್ಲ. ಆ ಕಡಿ ನಾಕ, ಈ ಕಡಿ ನಾಕ."

ಈ ಹಂತದಲ್ಲಿ ತಾತ್ಕಾಲಿಕ ಕಾರಕೂನರು ಸೆರಗನ್ನು ಮುಖಕ್ಕೆ ಹಿಡಿದು ಮೇಜಿನ ಮೇಲೆ ಬಾಗಿದರು. ಭುಜ ಅಲುಗುತ್ತಿತ್ತು. ದನಿ ಹೊರಗೆ ಬಂತು. ಪಾರವ್ವ ಪೊರಕೆ ಎಸೆದು ಓಡಿಬಂದು ತಬ್ಬಿಕೊಂಡಳು. ಲಗಮಪ್ಪ, ಯಲ್ಲಾರಿ, ಚೀಟಿಗೆ ಕಾದಿದ್ದ ಹದಿನಾರು ಮಂದಿ ರೈತರು, ಮತ್ತು ಕಾರಣ ತಿಳಿಯದೆ ಸತ್ಯಪ್ಪನವರೂ ಸೇರಿಕೊಂಡರು. ಅವಧಿ ತಿಳಿದಿಲ್ಲ, ಗಡಿಯಾರ ನೋಡಬೇಕಾದ ಲಗಮಪ್ಪ ಅಳುತ್ತಿದ್ದ. ಕರವಸ್ತ್ರ ಒದ್ದೆಯಾಗಿದ್ದನ್ನು ಯಲ್ಲಾರಿ ದೃಢೀಕರಿಸಿದ್ದಾನೆ. ಕಡೆಗೆ ಪಾರವ್ವ ಬೆನ್ನು ಸವರಿ "ಹೋಗ್ಲಿ ಬಿಡ್ರಿ, ಹೋಗ್ಲಿ ಬಿಡ್ರಿ" ಎಂದಳು. ಎಲ್ಲರೂ ನೀರು ಕುಡಿದರು. ಎಲ್ಲರೂ ಎದ್ದರು.

ಹನ್ನೆರಡೂವರೆಯಿಂದ ಸಂಜೆ ಆರರವರೆಗೆ ಹೊರಬಿದ್ದ ಚೀಟಿ ಐವತ್ತೆರಡು. ಶಿಕ್ಕೆ ಎಲ್ಲದರಲ್ಲೂ ಸ್ಪಷ್ಟವಾಗಿದೆ.

ಕಲಮು ೧೩. ಸ್ಪಷ್ಟೀಕರಣ

ಹಂತ (ಇ) ಪೂರ್ಣಗೊಂಡಿದೆ ಎಂದು ಸಿಬ್ಬಂದಿ ದಾಖಲಿಸಿದ್ದಾರೆ. ಮೊದಲಿಗೆ ಅದು ನಗುವಾಗಿತ್ತು. ಕೊನೆಗೆ ಏನಾಗಿತ್ತು ಎಂಬುದಕ್ಕೆ ದಾಖಲೆ ಇಲ್ಲ. ಈ ವಿಷಯದಲ್ಲಿ ಕಚೇರಿಯು ತಿದ್ದುಪಡಿ ಹೊರಡಿಸುವುದಿಲ್ಲ.

ಕಲಮು ೧೪. ಪರಿಷ್ಕೃತ ಗುರಿ

ಬಾಕಿ ಚೀಟಿ ನಾನೂರಾ ಎಂಬತ್ತೈದು. ಬಾಕಿ ದಿನ, ಇಂದೂ ಸೇರಿ, ಒಂಬತ್ತು. ದಿನಕ್ಕೆ ಐವತ್ತನಾಲ್ಕು ಬರೆಯತಕ್ಕದ್ದು. ಕೊನೆಯ ದಿನ ಐವತ್ತಮೂರು ಬರೆದರೂ ಲೆಕ್ಕ ಸರಿಹೋಗುತ್ತದೆ. ಇಂದು, ೧೯ರ ಶನಿವಾರ, ಊಟದ ಹೊತ್ತಿಗೇ ಮೂವತ್ತೊಂದು ಆಗಿದೆ. ಕಲಮು ೩ರಿಂದ ೬ರವರೆಗಿನವನ್ನು ರದ್ದುಪಡಿಸಲಾಗಿದೆ. ರೊಟ್ಟಿಯ ಕಲಮು ಜಾರಿಯಲ್ಲಿರುತ್ತದೆ. ಹುಕ್ಕೇರಿಗೆ ಗಾಡಿ ಕಳಿಸುವುದು ಬೇಡವೆಂದು ಬರೆಯಲಾಗಿದೆ.

ಕಲಮು ೧೫. ಮೀಸೆಯ ಪತ್ತೆ

ಇಂದು ಬೆಳಿಗ್ಗೆ ಮನೆಯ ಟ್ರಂಕು ತೆಗೆಯಲಾಯಿತು. ಮದುವೆಯ ರುಮಾಲಿನ ಕೆಳಗೆ ತಂಬಾಕಿನ ಒಂದು ಡಬ್ಬಿ. ದುಂಡಪ್ಪನವರು ತಂಬಾಕು ಹಾಕುತ್ತಿರಲಿಲ್ಲ. ಡಬ್ಬಿಯ ಮೇಲೆ ಅವರ ಅಕ್ಷರದಲ್ಲಿ "ಸತ್ಯಪ್ಪನದು. ಕೊಡಬೇಕು" ಎಂದಿದೆ. ಒಳಗಿದ್ದ ಮೀಸೆಯ ಎಡಗಡೆಗೆ ಸ್ವಲ್ಪ ನುಸಿ ಹಿಡಿದಿತ್ತು. ಬಿಸಿಲಿಗಿಟ್ಟು, ಕೊಬ್ಬರಿ ಎಣ್ಣೆ ಸವರಿ, ಬಾಚಲಾಗಿದೆ. ಒಂದು ಸಲ ಕನ್ನಡಿಯ ಮುಂದೆ ಹಿಡಿದು ನೋಡಲಾಗಿದೆ. ಡಬ್ಬಿಯನ್ನು ಕಚೇರಿ ಇಟ್ಟುಕೊಳ್ಳುತ್ತದೆ.

ಸಹಿ/-
ಗೌರಕ್ಕ ದುಂಡಪ್ಪ, ಬಿ.ಎ.
ತಾತ್ಕಾಲಿಕ ಕಾರಕೂನರು

ಪ್ರತಿಗಳು:
೧. ಮೇಲಧಿಕಾರಿಗಳಿಗೆ, ಕಲಮು ೧೪ನ್ನು ಮಾತ್ರ ಓದಬೇಕೆಂಬ ಕೋರಿಕೆಯೊಂದಿಗೆ.
೨. ದಡ್ಡಿಯ ಗಾಡಿಯವರಿಗೆ. ಇಲ್ಲೇ ಬಿಟ್ಟುಹೋದ ಎತ್ತುಗಳು ಸೌಖ್ಯವಾಗಿವೆ, ಬಂದು ಹೊಡೆದುಕೊಂಡು ಹೋಗುವುದು.
೩. ಹಾಲಿನವಳಿಗೆ, ಅರ್ಧ ಸೇರು ಸಾಕೆಂಬ ಮಾಹಿತಿಗಾಗಿ.
೪. ಪಾರ‍ವ್ವನಿಗೆ, ಓದಿ ಹೇಳಲಾಗಿದೆ. ಕಲಮು ೧೩ನ್ನು ಓದಿ ಹೇಳಿಲ್ಲ.
೫. ಸತ್ಯಪ್ಪನವರಿಗೆ, ಆಟದ ಮೇಳ, ಕೌಜಲಗಿ. ಯಲ್ಲಾರಿಯ ಕೈಯಲ್ಲಿ, ಮೀಸೆ ಸಹಿತ. ಹಿಂದಿರುಗಿಸಲು ಆರು ವರ್ಷ ತಡವಾದದ್ದಕ್ಕೆ ಕಚೇರಿ ವಿಷಾದಿಸುತ್ತದೆ. ಮೀಸೆ ಅದಕ್ಕೊಪ್ಪಿಸಿದ ಕೆಲಸವನ್ನು ಪೂರ್ತಿಯಾಗಿ ಮಾಡಿದೆ.